ಹೊಳೆಯ ಕೆಂಪು ನೀರು ನಲ್ಲಿಗೆ ಬರುವ ದಾರಿ: ಅನಿಮೇಷನ್‌ನಲ್ಲಿ ಏನು ತೋರಿಸಬೇಕು?

ಈ ಸಂಚಿಕೆಗೆ ಆಯ್ದ ಪ್ರಶ್ನೆಗಳೆಲ್ಲ ಕೊಡಗಿನವು. ವಿಷಯ, ನೀರು ಶುದ್ಧೀಕರಣ ಘಟಕದ ವಿನ್ಯಾಸವನ್ನು 3ಡಿ ಅನಿಮೇಷನ್‌ನಲ್ಲಿ ವಿವರಿಸುವುದು. ಲೆಕ್ಕ ಅತ್ತಿತ್ತ ಹೋಗದಿರಲಿ ಎಂದು ಎಲ್ಲ ಉತ್ತರಗಳಿಗೂ ಒಂದೇ ಘಟಕ ಇಟ್ಟುಕೊಂಡಿದ್ದೇವೆ: ದಿನಕ್ಕೆ 20 ಲಕ್ಷ ಲೀಟರ್, ಎಂಜಿನಿಯರ್‌ಗಳ ಬಾಯಲ್ಲಿ 2 ಎಂಎಲ್‌ಡಿ. ತಲೆಗೆ 135 ಲೀಟರ್, ಅದರ ಮೇಲೆ ಸೋರಿಕೆಗೆ ಶೇ 15 ಎಂದು ಹಿಡಿದರೆ ಹನ್ನೆರಡೂವರೆ ಸಾವಿರ ಜನರ ಪಟ್ಟಣಕ್ಕೆ ಸಾಕಾಗುವಷ್ಟು.

ಪ್ರಶ್ನೆ: ನಮ್ಮಲ್ಲಿ ಹೊಸ ಘಟಕ ಕಟ್ಟುವ ಮಾತು ನಡೆದಿದೆ. ಗ್ರಾಮಸಭೆಯಲ್ಲಿ ನಕ್ಷೆ ಹರಡಿ ವಿವರಿಸಿದರು, ಯಾರಿಗೂ ತಲೆಬುಡ ತಿಳಿಯಲಿಲ್ಲ. 3ಡಿ ಅನಿಮೇಷನ್ ಮಾಡಿಸಿದರೆ ಪ್ರಯೋಜನ ಆದೀತೆ? ಅದರಲ್ಲಿ ಏನೇನು ಇರಲೇಬೇಕು ಎಂದು ಕೇಳಬೇಕು?
— ಗ್ರಾಮ ಪಂಚಾಯಿತಿ ಸದಸ್ಯೆ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಆದೀತು. ಆದರೆ ಕಟ್ಟಡದ ಸುತ್ತ ಡ್ರೋನ್‌ನಂತೆ ಕ್ಯಾಮೆರಾ ತಿರುಗಿಸಿ ಹುಲ್ಲು, ಹೂಗಿಡ, ನೀಲಿ ಆಕಾಶ ತೋರಿಸುವುದಕ್ಕೆ ದುಡ್ಡು ಹಾಕಬೇಡಿ. ನಕ್ಷೆಯಲ್ಲಿ ಜನರಿಗೆ ಕಾಣದ್ದು ಎರಡೇ: ನೀರು ಯಾಕೆ ಮುಂದಕ್ಕೆ ಹರಿಯುತ್ತದೆ, ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ. ಇವೆರಡನ್ನೂ ತೋರಿಸದ ಅನಿಮೇಷನ್ ನಕ್ಷೆಗಿಂತ ಕಡೆ. ನಕ್ಷೆ ನೋಡಿದವರು ಕೊನೆಪಕ್ಷ ‘ಅರ್ಥವಾಗಲಿಲ್ಲ’ ಎಂದಾದರೂ ಹೇಳುತ್ತಾರೆ.

ಮೊದಲು ಮಟ್ಟದ ಮಾತು. ಪಂಪು ಹೊಳೆಯ ನೀರನ್ನು ಮೇಲಿನ ಮೊದಲ ತೊಟ್ಟಿಗೆ ಎತ್ತಿ ಕೈತೊಳೆದುಕೊಳ್ಳುತ್ತದೆ. ಅಲ್ಲಿಂದ ಶುದ್ಧ ನೀರಿನ ಸಂಪಿನವರೆಗೆ ನೀರು ತಾನಾಗಿ ಇಳಿಯುತ್ತ ಬರಬೇಕು. ಈ ಇಳಿತ ಕೆಲವು ಕಡೆ 10 ಸೆಂ.ಮೀ. ಮಾತ್ರ, ಫಿಲ್ಟರಿನಲ್ಲಿ ಮರಳು ಕಟ್ಟಿಕೊಳ್ಳುತ್ತ ಹೋದಂತೆ 2 ಮೀಟರ್‌ವರೆಗೂ ಬೇಕು. ಇದನ್ನೆಲ್ಲ ಬರೆದಿರುವ ಹಾಳೆಗೆ ಹೈಡ್ರಾಲಿಕ್ ಪ್ರೊಫೈಲ್ ಎನ್ನುತ್ತಾರೆ. ಅನಿಮೇಷನ್ ಮಾಡುವವರ ಕೈಗೆ ಮೊದಲು ಕೊಡಬೇಕಾದ ಹಾಳೆ ಅದೇ. ಅದಿಲ್ಲದೆ ಕೆಲಸ ಶುರು ಮಾಡಿದವರು ತೊಟ್ಟಿಗಳ ಅಂಚನ್ನೆಲ್ಲ ಒಂದೇ ಎತ್ತರಕ್ಕೆ ಎಳೆದು, ಸಪಾಟಾದ ನೀರನ್ನು ಬಾಣದ ಗುರುತಿನಿಂದ ಓಡಿಸುತ್ತಾರೆ.

ಇಲ್ಲೊಂದು ತೊಡಕಿದೆ. 40 ಮೀಟರ್ ಉದ್ದದ ಘಟಕ 1920 ಪಿಕ್ಸೆಲ್ ಅಗಲದ ಪರದೆ ತುಂಬಿದರೆ ಒಂದು ಮೀಟರಿಗೆ 48 ಪಿಕ್ಸೆಲ್. 10 ಸೆಂ.ಮೀ. ಇಳಿತಕ್ಕೆ ಐದು ಪಿಕ್ಸೆಲ್ ಕೂಡ ಬರುವುದಿಲ್ಲ, ಹಿಂದಿನ ಸಾಲಿನಲ್ಲಿ ಕೂತವರಿಗೆ ಅದು ಗೆರೆಯಾಗಿಯೂ ಕಾಣದು. ಹಾಗಾಗಿ ಘಟಕವನ್ನು ಉದ್ದಕ್ಕೆ ಕೊಯ್ದಂತೆ ಒಂದು ನೋಟ ಪ್ರತ್ಯೇಕವಾಗಿ ಇರಲಿ, ಅದರಲ್ಲಿ ಎತ್ತರವನ್ನು ಮಾತ್ರ ಐದು ಪಟ್ಟು ಹಿಗ್ಗಿಸಲಿ. ‘ಎತ್ತರ 5 ಪಟ್ಟು’ ಎಂದು ಪರದೆಯ ಮೂಲೆಯಲ್ಲಿ ಬರೆಯದಿದ್ದರೆ ಮಾತ್ರ ತಪ್ಪು.

ಇನ್ನು ಹೊತ್ತು. ಗಂಟೆಗೆ 83 ಘನ ಮೀಟರ್ ನೀರು ಬರುತ್ತದೆ ಎನ್ನಿ. ಆಲಂ (ಪಟಿಕ) ಬೆರೆಸುವ ಫ್ಲ್ಯಾಶ್ ಮಿಕ್ಸರಿನಲ್ಲಿ ಅದು ನಿಲ್ಲುವುದು 30 ಸೆಕೆಂಡ್, ತೊಟ್ಟಿ 0.7 ಘನ ಮೀಟರ್. ಮೆಲ್ಲಗೆ ಕಲಕಿ ಕೆಸರು ಗಂಟು ಕಟ್ಟಿಸುವ ಫ್ಲಾಕ್ಯುಲೇಟರಿನಲ್ಲಿ 30 ನಿಮಿಷ, 42 ಘನ ಮೀಟರ್. ಗಂಟು ತಳಕ್ಕೆ ಇಳಿಯುವ ಕ್ಲಾರಿಫೈಯರಿನಲ್ಲಿ ಎರಡೂವರೆ ಗಂಟೆ, 208 ಘನ ಮೀಟರ್. ಫಿಲ್ಟರಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಕ್ಲೋರಿನ್ ಕೆಲಸ ಮಾಡಲು ಮತ್ತೆ 30 ನಿಮಿಷ. ಒಟ್ಟು ನಾಲ್ಕು ಗಂಟೆಗೆ ಹತ್ತಿರ. ಇಷ್ಟನ್ನು ಮೂರು ನಿಮಿಷದ ಚಿತ್ರಕ್ಕೆ ಒಂದೇ ವೇಗದಲ್ಲಿ ಕುಗ್ಗಿಸಿದರೆ ಫ್ಲ್ಯಾಶ್ ಮಿಕ್ಸರ್ ಅರ್ಧ ಸೆಕೆಂಡೂ ಪರದೆಯ ಮೇಲೆ ನಿಲ್ಲುವುದಿಲ್ಲ. ಪ್ರತಿ ಹಂತಕ್ಕೂ ಬೇರೆ ಬೇರೆ ವೇಗ ಕೊಡಲೇಬೇಕು. ಅದಕ್ಕೇ ಮೂಲೆಯಲ್ಲೊಂದು ಗಡಿಯಾರ ಓಡುತ್ತಿರಬೇಕು. ಕ್ಲಾರಿಫೈಯರ್ ಬಂದಾಗ ಮುಳ್ಳು ಸರಸರನೆ ತಿರುಗಿದರೆ ‘ಇಲ್ಲಿ ನೀರು ಕಾಯುತ್ತದೆ’ ಎಂದು ಬಾಯಿಬಿಟ್ಟು ಹೇಳುವುದೇ ಬೇಡ.

ಇನ್ನೂ ಮೂರು ವಿಷಯ ಪಟ್ಟು ಹಿಡಿದು ಕೇಳಿ. ಒಂದು, ನೆರೆಯ ಮಟ್ಟ. 2018 ಮತ್ತು 2019ರಲ್ಲಿ ಕಾವೇರಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಹೊಳೆಯ ದಂಡೆಯ ಜಾಕ್‌ವೆಲ್ಲಿನಲ್ಲಿ (ನೀರೆತ್ತುವ ಬಾವಿಯಲ್ಲಿ) ಮೋಟಾರು ಕೂರುವ ನೆಲ ಅತಿಹೆಚ್ಚು ನೆರೆಮಟ್ಟಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ನೀರು ಏರಿಸಿಯೇ ತೋರಿಸಲಿ. ಎರಡು, ಕರೆಂಟು. 83 ಘನ ಮೀಟರ್ ಲೆಕ್ಕ 24 ಗಂಟೆ ಪಂಪು ಓಡಿದರೆ ಮಾತ್ರ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋಗಿ 20 ಗಂಟೆಯೇ ಸಿಕ್ಕಿತು ಎಂದರೆ ಅದೇ ನೀರಿಗೆ ಗಂಟೆಗೆ 100 ಘನ ಮೀಟರ್ ಬೇಕು, ತೊಟ್ಟಿಗಳೆಲ್ಲ ಐದನೇ ಒಂದು ಪಾಲು ದೊಡ್ಡದಾಗಬೇಕು. ಎಷ್ಟು ಗಂಟೆಗೆ ವಿನ್ಯಾಸ ಮಾಡಿದ್ದಾರೆ ಎಂಬ ಅಂಕಿ ಪರದೆಯ ಮೇಲೆ ಬರಲಿ. ಮೂರು, ಕೆಸರು ಎಲ್ಲಿಗೆ ಹೋಗುತ್ತದೆ. ಹೆಚ್ಚಿನ ಚಿತ್ರಗಳು ಶುದ್ಧ ನೀರಿನ ಲೋಟದಲ್ಲಿ ಮುಗಿಯುತ್ತವೆ, ಕೆಸರಿನ ಸುದ್ದಿಯೇ ಇರುವುದಿಲ್ಲ. ಬಯಲುಸೀಮೆಯ ಘಟಕದಿಂದ ಎತ್ತಿಕೊಂಡ ತೆರೆದ ಕೆಸರು ಒಣಗಿಸುವ ಹಾಸು ನಮ್ಮ ಜೂನ್–ಸೆಪ್ಟೆಂಬರಿನಲ್ಲಿ ಒಣಗುವುದಿಲ್ಲ, ತುಂಬುತ್ತದೆ. ಮೇಲೆ ಶೀಟು ಇದೆಯೇ ನೋಡಿ.

ಪ್ರಶ್ನೆ: ಡಿಪ್ಲೊಮಾ ಪ್ರಾಜೆಕ್ಟಿಗೆ 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ಇಂಥದೊಂದು ಅನಿಮೇಷನ್ ಮಾಡಬೇಕೆಂದಿದ್ದೇನೆ. ನನ್ನ ಲ್ಯಾಪ್‌ಟಾಪ್ ಸಾಧಾರಣದ್ದು. ಎಲ್ಲಿಂದ ಶುರು ಮಾಡಲಿ?
— ಸಿವಿಲ್ ವಿದ್ಯಾರ್ಥಿ, ಕುಶಾಲನಗರ

ಉತ್ತರ: ಬ್ಲೆಂಡರ್ ಸರಿಯಾದ ಆಯ್ಕೆ, ಉಚಿತ. ಸಾಧಾರಣ ಲ್ಯಾಪ್‌ಟಾಪಿಗೂ ಆಗುತ್ತದೆ, ಆಸೆ ಹದದಲ್ಲಿದ್ದರೆ.

ನಕ್ಷೆ ತರುವಾಗಲೇ ಮೊದಲ ಎಡವಟ್ಟು. ಆಟೊಕ್ಯಾಡ್ ನಕ್ಷೆ ಮಿಲಿಮೀಟರಿನಲ್ಲಿರುತ್ತದೆ, ಬ್ಲೆಂಡರ್ ಅದನ್ನು ಮೀಟರೆಂದು ಓದಿಕೊಂಡರೆ 10 ಮೀಟರಿನ ತೊಟ್ಟಿ 10 ಕಿಲೊಮೀಟರ್ ಆಗುತ್ತದೆ. 0.001ರಿಂದ ಕುಗ್ಗಿಸಿ, ಸ್ಕೇಲ್ ಅಪ್ಲೈ ಮಾಡಿ, ಗೊತ್ತಿರುವ ಒಂದು ಗೋಡೆಯನ್ನು ಅಳೆದು ನೋಡಿ. ಎರಡನೆಯದು ಇನ್ನೂ ಕಳ್ಳ: ಸರ್ವೆ ನಕ್ಷೆಯ ನಿರ್ದೇಶಾಂಕಗಳು ಲಕ್ಷಗಳಲ್ಲಿರುತ್ತವೆ. ಮಾದರಿ ಮೂಲಬಿಂದುವಿನಿಂದ ಅಷ್ಟು ದೂರ ಕೂತರೆ ಲೆಕ್ಕದ ನಿಖರತೆ ಸೋತು ಗೋಡೆಗಳ ಅಂಚು ನಡುಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಇಡೀ ಮಾದರಿಯನ್ನು ಮೂಲಬಿಂದುವಿಗೆ ಎಳೆದು ತನ್ನಿ. ಸಮುದ್ರಮಟ್ಟದಿಂದ 800 ಚಿಲ್ಲರೆ ಮೀಟರ್ ಎಂದು ಬರೆದ ಮಟ್ಟಗಳಿಂದಲೂ ಒಂದು ಸ್ಥಿರ ಸಂಖ್ಯೆ ಕಳೆದುಕೊಳ್ಳಿ.

ಮಾದರಿಯನ್ನು ಒಳಗಿನಿಂದ ಕಟ್ಟಿ. ಮೊದಲು ನೀರಿನ ಮೇಲ್ಮೈಗಳು, ಪ್ರೊಫೈಲಿನಲ್ಲಿರುವ ಮಟ್ಟಕ್ಕೆ ಸರಿಯಾಗಿ. ಆಮೇಲೆ ಗೋಡೆ, ವೆಯರ್ (ನೀರು ಉಕ್ಕಿ ದಾಟುವ ಅಂಚು), ಪೈಪು. ಕೈಹಿಡಿಯುವ ಕಂಬಿ, ಮೆಟ್ಟಿಲು, ಗಿಡ ಎಲ್ಲ ಕೊನೆಗೆ, ಸಮಯ ಉಳಿದರೆ. ಅಳತೆ ಬೇಕಾದರೆ: ಕ್ಲಾರಿಫೈಯರಿಗೆ ಒಂದು ಚದರ ಮೀಟರಿಗೆ ದಿನಕ್ಕೆ 30 ಘನ ಮೀಟರ್ ಎಂದು ಹಿಡಿದರೆ 67 ಚದರ ಮೀಟರ್ ಬೇಕು. ನಡುವೆ ಫ್ಲಾಕ್ಯುಲೇಟರ್ ಕೂರಿಸುವ ಕ್ಲಾರಿಫ್ಲಾಕ್ಯುಲೇಟರಾದರೆ ಅದಕ್ಕೂ 15 ಚದರ ಮೀಟರ್ ಸೇರಿಸಿ. ಹೊರ ವ್ಯಾಸ 10 ಮೀಟರಿಗೆ ಸ್ವಲ್ಪ ಮೇಲೆ, ಆಳ 3 ಮೀಟರ್ ಚಿಲ್ಲರೆ. ಫಿಲ್ಟರ್ ಗಂಟೆಗೆ 5 ಮೀಟರ್ ವೇಗಕ್ಕೆ, ಒಟ್ಟು 17 ಚದರ ಮೀಟರ್, 2.4 × 2.4 ಮೀಟರಿನ ಮೂರು ಬೆಡ್. ಎರಡೇ ಬೆಡ್ ಯಾಕಲ್ಲ ಎಂದು ವೈವಾದಲ್ಲಿ ಕೇಳಿದರೆ: ಒಂದನ್ನು ತೊಳೆಯುವಾಗ ಉಳಿದದ್ದರ ಮೇಲೆ ವೇಗ ಇಮ್ಮಡಿಯಾಗುತ್ತದೆ. ಮೂರಿದ್ದರೆ ಗಂಟೆಗೆ ಏಳು ಮೀಟರ್ ಚಿಲ್ಲರೆಗೆ ನಿಲ್ಲುತ್ತದೆ.

ಒಳಗನ್ನು ತೋರಿಸಲು ಕ್ಯಾಮೆರಾದ ಕ್ಲಿಪ್ ದೂರ ಹೆಚ್ಚಿಸಿದರೆ ಗೋಡೆ ಟೊಳ್ಳಾಗಿ, ತಗಡಿನ ಡಬ್ಬಿಯಂತೆ ಕಾಣುತ್ತದೆ. ಬೂಲಿಯನ್ ಮಾಡಿಫೈಯರಿನಿಂದ ಕೊಯ್ಯಿರಿ, ಕೊಯ್ದ ಮುಖಕ್ಕೆ ಬೇರೆ ಬಣ್ಣ ಕೊಡಿ. ನೀರಿಗೆ ಗಾಜಿನಂಥ ಮೆಟೀರಿಯಲ್ ಬೇಡ. ಬೆಳಕು ಬಾಗಿ ಒಳಗಿನದೆಲ್ಲ ಸೊಟ್ಟಗಾಗುತ್ತದೆ, ರೆಂಡರ್ (ಚಿತ್ರ ತಯಾರಾಗುವ) ಸಮಯವನ್ನೂ ತಿನ್ನುತ್ತದೆ. ಅರೆಪಾರದರ್ಶಕ ಬಣ್ಣ, ಮೇಲ್ಮೈಯಲ್ಲಿ ಒಂದು ಬೆಳ್ಳನೆಯ ಗೆರೆ ಸಾಕು.

ಚಲನೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ: ಬ್ಲೆಂಡರ್ ತಾನಾಗಿ ಕೊಡುವ ಕೀಫ್ರೇಮ್‌ಗಳು ಬೆಜಿಯರ್, ಅಂದರೆ ನಿಧಾನ ಶುರುವಾಗಿ ವೇಗ ಹೆಚ್ಚಿ ಮತ್ತೆ ನಿಧಾನವಾಗುತ್ತವೆ. ಕ್ಲಾರಿಫೈಯರಿನ ತಳದ ಕೆಸರು ಬಳಿಯುವ ಸ್ಕ್ರೇಪರ್ ತೋಳು ಹಾಗೆ ಉಸಿರಾಡಬಾರದು. ಗ್ರಾಫ್ ಎಡಿಟರಿನಲ್ಲಿ ಲೀನಿಯರ್ ಮಾಡಿ. ಆ ತೋಳು ಒಂದು ಸುತ್ತಿಗೆ ಒಂದು ಗಂಟೆಯೋ ಅದಕ್ಕೂ ಹೆಚ್ಚೋ ತೆಗೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ. ಫ್ಯಾನಿನಂತೆ ತಿರುಗಿಸಿದರೆ ನಿಜದ ಘಟಕದಲ್ಲಿ ತಳದ ಕೆಸರೆಲ್ಲ ಮೇಲೆದ್ದು ಫಿಲ್ಟರಿಗೆ ಹೋದೀತು.

ಮೂರು ನಿಮಿಷಕ್ಕೆ, ಸೆಕೆಂಡಿಗೆ 25ರಂತೆ, 4500 ಫ್ರೇಮ್. ಬ್ಲೆಂಡರಿನ ರೆಂಡರ್ ಎಂಜಿನ್‌ಗಳಲ್ಲಿ ನಿಧಾನದ ಸೈಕಲ್ಸ್‌ನಲ್ಲಿ ಫ್ರೇಮಿಗೆ ಒಂದು ನಿಮಿಷವಾದರೆ 75 ಗಂಟೆ. ವೇಗದ ಈವೀಯಲ್ಲಿ ನಾಲ್ಕು ಸೆಕೆಂಡಾದರೆ ಐದೇ ಗಂಟೆ. ಈ ಕೆಲಸಕ್ಕೆ ಈವೀ ಸಾಕು. ನೇರ ವಿಡಿಯೊ ಫೈಲಿಗೆ ರೆಂಡರ್ ಕೊಡಬೇಡಿ, ನಡುವೆ ಕರೆಂಟು ಹೋದರೆ ಫೈಲೇ ತೆರೆಯದೆ ಹೋಗಬಹುದು. ಪಿಎನ್‌ಜಿ ಚಿತ್ರಗಳ ಸಾಲಾಗಿ ತೆಗೆಯಿರಿ, ಓವರ್‌ರೈಟ್ ಆಯ್ಕೆ ಆಫ್ ಇರಲಿ. 2310ನೇ ಚಿತ್ರಕ್ಕೆ ನಿಂತದ್ದು ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ. ಅರ್ಧಕ್ಕೆ ನಿಂತ ಆ ಕೊನೆಯ ಚಿತ್ರವನ್ನು ಮಾತ್ರ ಅಳಿಸಿ ಶುರು ಮಾಡಿ.

ಪ್ರಶ್ನೆ: ಸರ್, ಜೋರು ಮಳೆ ಬಂದರೆ ಹೊಳೆ ನೀರು ಕೆಂಪಗಾಗುತ್ತದೆ. ಆಲಂ ಎರಡು ಪಟ್ಟು ಹಾಕಿದರೂ ತಿಳಿಯಾಗುವುದಿಲ್ಲ, ಕೆಲವು ಸಲ ಇನ್ನೂ ಕೆಡುತ್ತದೆ. ತರಬೇತಿಯಲ್ಲಿ ತೋರಿಸಿದ ವಿಡಿಯೊದಲ್ಲಿ ಆಲಂ ಬಿದ್ದ ತಕ್ಷಣ ಕೆಸರು ತಳ ಸೇರಿತು. ನಮ್ಮಲ್ಲಿ ಯಾಕೆ ಹಾಗಾಗುವುದಿಲ್ಲ?
— ನೀರುಗಂಟಿ, ಭಾಗಮಂಡಲದ ಕಡೆಯವರು

ಉತ್ತರ: ಆ ವಿಡಿಯೊ ಅರ್ಧ ಕತೆ ಹೇಳಿದೆ. ಅದು ಬಿಟ್ಟದ್ದು ಸುಣ್ಣದ ಕತೆ.

ಆಲಂ ನೀರಿಗೆ ಬಿದ್ದಾಗ ನೀರಿನ ಕ್ಷಾರತೆಯನ್ನು, ಅಂದರೆ ಆಲ್ಕಲಿನಿಟಿಯನ್ನು, ತಿಂದುಕೊಂಡು ಅಂಟು ಅಂಟಾದ ಗಂಟಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರತೆ ತಿನ್ನುತ್ತದೆ. ಬಯಲುಸೀಮೆಯ ಗಡಸು ನೀರಿನಲ್ಲಿ ಅದು ಬೇಕಾದಷ್ಟಿರುತ್ತದೆ. ಘಟ್ಟದ ಮಳೆನೀರು ಮೆದು. ನಿಮ್ಮ ಹೊಳೆಯಲ್ಲಿ 20 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. 30 ಮಿಲಿಗ್ರಾಂ ಆಲಂ ಹಾಕಿದರೆ 15 ಖರ್ಚು, ಕೆಲಸ ನಡೆಯುತ್ತದೆ. ಅದನ್ನು 60ಕ್ಕೆ ಏರಿಸಿದಿರೋ 30 ಬೇಕು, ಇರುವುದು 20. ಪಿಎಚ್ ಕುಸಿಯುತ್ತದೆ, ಗಂಟು ಕಟ್ಟುವುದಿಲ್ಲ, ಹಾಕಿದ ಆಲಂನ ಒಂದು ಪಾಲು ನೀರಿನಲ್ಲೇ ಕರಗಿ ಮುಂದೆ ಹೋಗುತ್ತದೆ. ‘ಇನ್ನೂ ಕೆಡುತ್ತದೆ’ ಎಂದು ನೀವು ಕಂಡದ್ದು ಇದನ್ನೇ. ಆಲಂ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 6ರಿಂದ 7.5ರೊಳಗೆ.

60 ಮಿಲಿಗ್ರಾಂ ಬೇಕೇ ಬೇಕೆನಿಸಿದರೆ ಸುಣ್ಣವನ್ನು ಆಲಂಗಿಂತ ಮೊದಲು, ಸ್ವಲ್ಪ ಹಿಂದಿನ ಜಾಗದಲ್ಲಿ ಬಿಡಿ. ಈ ಲೆಕ್ಕದಲ್ಲಿ ಕೊರತೆ 10, ಕೊನೆಗೆ 20 ಉಳಿಯಲಿ ಎಂದರೆ ಒಟ್ಟು 30. ಅದಕ್ಕೆ ಅರಳಿದ ಸುಣ್ಣ ಲೀಟರಿಗೆ 22 ಮಿಲಿಗ್ರಾಂ, 2 ಎಂಎಲ್‌ಡಿ ಘಟಕಕ್ಕೆ ದಿನಕ್ಕೆ 44 ಕಿಲೊ. ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಬೇಡಿ, ಒಂದನ್ನೊಂದು ಅಲ್ಲೇ ತಿಂದು ಹಾಕುತ್ತವೆ.

ಎಷ್ಟು ಎಂದು ಕಣ್ಣಂದಾಜಿನಲ್ಲಿ ನಿರ್ಧರಿಸದೆ ಜಾರ್ ಟೆಸ್ಟ್ ಮಾಡಿ. 10 ಗ್ರಾಂ ಆಲಂ ಕರಗಿಸಿ ಒಂದು ಲೀಟರ್ ದ್ರಾವಣ ಮಾಡಿಕೊಂಡರೆ, ಅದರ 1 ಮಿ.ಲೀ. ಒಂದು ಲೀಟರ್ ಹೊಳೆ ನೀರಿಗೆ 10 ಮಿಲಿಗ್ರಾಂ. ಆರು ಜಾರಿಗೆ 1ರಿಂದ 6 ಮಿ.ಲೀ. ಹಾಕಿ. ಒಂದು ನಿಮಿಷ ನಿಮಿಷಕ್ಕೆ 100 ಸುತ್ತಿನಂತೆ, ಆಮೇಲೆ 20 ನಿಮಿಷ 30–40 ಸುತ್ತಿನಂತೆ ಕಲಕಿ, ಅರ್ಧ ಗಂಟೆ ಮುಟ್ಟದೆ ಬಿಡಿ. ಅತಿ ಕಡಿಮೆ ಆಲಂನಲ್ಲಿ ತಿಳಿಯಾದ ಜಾರೇ ಉತ್ತರ. ನೀರಿನ ಬಣ್ಣ ಬದಲಾದಾಗಲೆಲ್ಲ ಮತ್ತೆ ಮಾಡಬೇಕು. ಹಿಂದಿನ ರಾತ್ರಿಯ ಲೆಕ್ಕ ಬೆಳಿಗ್ಗೆಗೆ ಹಳತಾಗಿರುತ್ತದೆ.

ಅನಿಮೇಷನ್ ಮಾಡುವವರಿಗೂ ಇಲ್ಲಿ ಒಂದು ಮಾತು. ಕೆಸರು ತಳಕ್ಕೆ ‘ಬೀಳುವ’ ವೇಗವನ್ನು ಮನಸ್ಸಿಗೆ ಬಂದಂತೆ ಇಡಬೇಡಿ. 0.01 ಮಿ.ಮೀ. ಹೂಳಿನ ಕಣ ನಿಶ್ಚಲ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ಗಂಟೆ. ಅದರ ಹತ್ತನೇ ಒಂದು ಗಾತ್ರದ ಜೇಡಿಮಣ್ಣಿನ ಕಣಕ್ಕೆ ನೂರು ಪಟ್ಟು ಹೆಚ್ಚು, ಹೆಚ್ಚುಕಡಿಮೆ 13 ದಿನ. ನಮ್ಮ ಕ್ಲಾರಿಫೈಯರಿನಲ್ಲಿ ನೀರು ಮೇಲೇರುವ ವೇಗ ಗಂಟೆಗೆ 1.25 ಮೀಟರ್. ಅದಕ್ಕಿಂತ ಬೇಗ ಇಳಿಯದ ಕಣವೆಲ್ಲ ವೆಯರ್ ದಾಟಿ ಫಿಲ್ಟರಿಗೆ ಹೋಗುತ್ತದೆ. ಈ ಮೂರು ಕಣಗಳನ್ನು, ಬಿಡಿ ಜೇಡಿ, ಬಿಡಿ ಹೂಳು, ಆಲಂನಿಂದ ಗಂಟಾದದ್ದು, ಪಕ್ಕಪಕ್ಕದಲ್ಲಿ ಬಿಟ್ಟು ಮೇಲಕ್ಕೇರುವ ನೀರಿನ ಜೊತೆ ಓಟಕ್ಕೆ ಹಚ್ಚಿ ತೋರಿಸಿದರೆ ಆಲಂ ಯಾಕೆ ಬೇಕು ಎಂಬುದಕ್ಕೆ ಬೇರೆ ಪಾಠ ಬೇಡ. ಒಂದು ಮಿ.ಮೀ. ಗಂಟು ಹತ್ತು ಮೀಟರಿನ ತೊಟ್ಟಿಯಲ್ಲಿ ಕಾಣುವುದಿಲ್ಲ, ಭೂತಗನ್ನಡಿಯಂತೆ ದುಂಡನೆಯ ಕಿಟಕಿಯಲ್ಲಿ ಹಿಗ್ಗಿಸಿ ತೋರಿಸಿ. ಅದರ ಪಕ್ಕದಲ್ಲೇ ಸುಣ್ಣ ಸಾಲದ ನೀರಿನ ಜಾರ್ ಒಂದಿರಲಿ, ಕಲಕಿದರೂ ಗಂಟು ಕಟ್ಟದೆ ಮಬ್ಬಾಗಿಯೇ ಉಳಿಯುವಂಥದ್ದು. ತರಬೇತಿಗೆ ಬೇಕಾದ್ದು ಆ ಜಾರ್.

ಪ್ರಶ್ನೆ: ಮಕ್ಕಳಿಗೆ ತೋರಿಸುವ ಚಿತ್ರಗಳಲ್ಲಿ ಮರಳಿನ ಫಿಲ್ಟರ್ ಜರಡಿಯಂತೆ ಕೆಸರು ಹಿಡಿಯುತ್ತದೆ. ಇದು ಸರಿಯೇ?
— ವಿಜ್ಞಾನ ಶಿಕ್ಷಕಿ, ವಿರಾಜಪೇಟೆ

ಉತ್ತರ: ಮುಕ್ಕಾಲು ಪಾಲು ತಪ್ಪು. ಫಿಲ್ಟರ್ ಮರಳಿನ ಕಾಳು ಅರ್ಧ ಮಿ.ಮೀ. ಆಸುಪಾಸಿನದು, ಹಾಸು 60–75 ಸೆಂ.ಮೀ. ದಪ್ಪ, ಅದರಡಿ ಜಲ್ಲಿ. ಕಾಳುಗಳ ನಡುವಿನ ಸಂದು ಜೇಡಿಯ ಕಣಕ್ಕಿಂತ ನೂರು ಪಟ್ಟಾದರೂ ದೊಡ್ಡದು. ಜರಡಿಯಾಗಿದ್ದರೆ ಜೇಡಿಯೆಲ್ಲ ನುಸುಳಿ ಹೋಗಬೇಕಿತ್ತು. ಆಲಂ ಸವರಿಕೊಂಡ ಕಣ ಮರಳಿನ ಕಾಳಿಗೆ ತಾಗಿ ಅಂಟಿಕೊಳ್ಳುತ್ತದೆ; ಹಾಸಿನ ಒಳಗೂ, ಮೇಲಿನ ಭಾಗದಲ್ಲಿ ಹೆಚ್ಚಾಗಿ. ಆದ್ದರಿಂದ ಕ್ಯಾಮೆರಾ ಮರಳಿನೊಳಗೆ ಇಳಿಯಬೇಕು, ಸಂದು ಕಿರಿದಾಗುತ್ತ ಬರುವುದನ್ನು, ಅದೇ ಹೊತ್ತಿಗೆ ಹೊರಗಿನ ಮಾಪಕದಲ್ಲಿ ಒತ್ತಡ ನಷ್ಟ ಏರುವುದನ್ನು ತೋರಿಸಬೇಕು.

ಬ್ಯಾಕ್‌ವಾಷ್ (ಕೆಳಗಿನಿಂದ ಮೇಲಕ್ಕೆ ಮರಳು ತೊಳೆಯುವುದು) ತೋರಿಸುವಾಗ ಅನುಕ್ರಮ ಮುಖ್ಯ. ನೀರನ್ನು ಮರಳಿನ ಮೇಲೆ ಸ್ವಲ್ಪವೇ ಉಳಿಯುವಂತೆ ಇಳಿಸಿ, ಮೂರರಿಂದ ಐದು ನಿಮಿಷ ಕೆಳಗಿನಿಂದ ಗಾಳಿ, ಆಮೇಲೆ ಸುಮಾರು ಹತ್ತು ನಿಮಿಷ ನೀರು. ಚದರ ಮೀಟರಿಗೆ ನಿಮಿಷಕ್ಕೆ 600 ಲೀಟರ್ ಎಂದರೆ ನಮ್ಮ ಒಂದು ಬೆಡ್ಡಿಗೆ ಹತ್ತು ನಿಮಿಷದಲ್ಲಿ 35 ಘನ ಮೀಟರ್ ನೀರು ಖರ್ಚು. ಮೇಲಿನ ಟ್ಯಾಂಕು ಅದಕ್ಕಿಂತ ಚಿಕ್ಕದಿದ್ದರೆ ತೊಳೆತ ಅರ್ಧಕ್ಕೆ ನಿಲ್ಲುತ್ತದೆ. ಹಾಗೆ ಅರೆಬರೆ ತೊಳೆದ ಬೆಡ್ಡಿನಲ್ಲಿ ಕೆಸರು ಮರಳಿನೊಡನೆ ಉಂಡೆ ಕಟ್ಟಿ ತಳಕ್ಕಿಳಿಯುತ್ತದೆ, ನೀರು ಉಂಡೆಗಳನ್ನು ಬಳಸಿಕೊಂಡು ಓಡುತ್ತದೆ. ಮಕ್ಕಳಿಗೆ ಅಕ್ಕಿ ತೊಳೆಯುವ ಹೋಲಿಕೆ ಹೊಂದುತ್ತದೆ: ಕೈಯಾಡಿಸದೆ ಬರೀ ನೀರು ಸುರಿದರೆ ಕಲಗಚ್ಚು ಬಿಡುವುದಿಲ್ಲ. ಇಲ್ಲಿ ಕೈಯಾಡಿಸುವುದು ಗಾಳಿ.

ಫಿಲ್ಟರ್ ದಾಟಿದ ಕೂಡಲೇ ನೀರನ್ನು ನೀಲಿ ಮಾಡಿ ರೋಗಾಣುವನ್ನೆಲ್ಲ ಸಾಯಿಸಿಬಿಡುವ ಚಿತ್ರಗಳೂ ಇವೆ. ಫಿಲ್ಟರ್ ಅವನ್ನು ಕಡಿಮೆ ಮಾಡುತ್ತದೆ. ಉಳಿದವುಗಳಿಗೆ ಕ್ಲೋರಿನ್ ಬೇಕು, ಅದಕ್ಕೆ ಅರ್ಧ ಗಂಟೆಯ ಅವಕಾಶ ಬೇಕು, ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬಣ್ಣ ಬದಲಾಯಿಸಲೇಬೇಕೆಂದರೆ ಅಲ್ಲಿ ಬದಲಾಯಿಸಿ.

ಪ್ರಶ್ನೆ: ಪಲ್ಪಿಂಗ್ ಕಾಲದಲ್ಲಿ ತೋಡಿಗೆ ಕಾಫಿ ಹಣ್ಣು ತೊಳೆದ ನೀರು ಸೇರುತ್ತದೆ. ಘಟಕ ಅದನ್ನೂ ತೆಗೆಯುತ್ತದೆಯೇ?
— ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ಇಲ್ಲ. ಮೇಲೆ ಹೇಳಿದ್ದೆಲ್ಲ ತೇಲುವ ಕಣಗಳಿಗೆ. ಪಲ್ಪಿಂಗ್ ನೀರಿನ ಕರಗಿದ ಸಕ್ಕರೆ, ಆಮ್ಲ ಫಿಲ್ಟರ್ ದಾಟಿ ಬರುತ್ತವೆ, ಕ್ಲೋರಿನ್ನನ್ನು ತಿನ್ನುತ್ತವೆ. ಎಂದಿನಂತೆ ಬ್ಲೀಚಿಂಗ್ ಪೌಡರ್ ಹಾಕಿದರೂ ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ. ಹೊಳೆ ಸೊರಗುವುದೂ ಅದೇ ತಿಂಗಳುಗಳಲ್ಲಿ. ತಡೆಯಬೇಕಾದದ್ದು ತೋಟದಲ್ಲೇ, ಹೊಂಡಗಳಲ್ಲಿ. ಸಂಸ್ಕರಿಸದೆ ತೋಡಿಗೆ ಬಿಡುವಂತೆಯೂ ಇಲ್ಲ.

ಪ್ರಶ್ನೆ: ಅನಿಮೇಷನ್ ತಂತ್ರಾಂಶದ ಫ್ಲೂಯಿಡ್ ಸಿಮ್ಯುಲೇಷನ್ನಿನಲ್ಲಿ ನೀರು ಹರಿಸಿ, ತೊಟ್ಟಿಯ ವಿನ್ಯಾಸ ಸರಿಯಿದೆ ಎಂದು ತೋರಿಸಬಹುದೇ?
— ಕಿರಿಯ ಎಂಜಿನಿಯರ್, ಪೊನ್ನಂಪೇಟೆ

ಉತ್ತರ: ಬೇಡ. ಅದು ಕಣ್ಣಿಗೆ ನೀರಿನಂತೆ ಕಾಣಲೆಂದು ಮಾಡಿದ್ದು. ಚದರ ಮೀಟರಿನ ಹೊರೆಗೂ ಗಂಟಿನ ತೂಕಕ್ಕೂ ಅದರಲ್ಲಿ ಲೆಕ್ಕವಿಲ್ಲ. ತೊಟ್ಟಿಯೊಳಗಿನ ಹರಿವು ನಿಜಕ್ಕೂ ಬೇಕಾದರೆ ಓಪನ್‌ಫೋಮ್‌ನಂಥ ಸಿಎಫ್‌ಡಿ (ಹರಿವನ್ನು ಲೆಕ್ಕ ಹಾಕುವ) ತಂತ್ರಾಂಶದಲ್ಲಿ ಲೆಕ್ಕ ಮಾಡಿ, ಅದರ ಹರಿವಿನ ಗೆರೆಗಳನ್ನು ಅನಿಮೇಷನ್‌ಗೆ ತನ್ನಿ. ಕ್ಲೋರಿನ್ ತೊಟ್ಟಿಗೆ ಇದು ಬೆಲೆಯುಳ್ಳ ಕೆಲಸ. 42 ಘನ ಮೀಟರ್ ಇದೆ, ಹಾಗಾದರೆ 30 ನಿಮಿಷ ಎಂಬುದು ಕಾಗದದ ಲೆಕ್ಕ. ಒಳಗೆ ಅಡ್ಡಗೋಡೆ ಇಲ್ಲದಿದ್ದರೆ ನೀರು ಒಳಬಾಯಿಯಿಂದ ಹೊರಬಾಯಿಗೆ ನೇರ ದಾರಿ ಹಿಡಿಯುತ್ತದೆ, ಮೂಲೆಗಳ ನೀರು ಕೂತಲ್ಲೇ ಕೂರುತ್ತದೆ. ಅಡ್ಡಗೋಡೆ ಇರುವ ಮತ್ತು ಇಲ್ಲದ ಎರಡು ತೊಟ್ಟಿಗೆ ಒಂದೇ ಕ್ಷಣದಲ್ಲಿ ಬಣ್ಣ ಬಿಟ್ಟು ಪಕ್ಕಪಕ್ಕ ತೋರಿಸಿ. ಕಟ್ಟಿದ ಘಟಕವಾದರೆ ಉಪ್ಪುನೀರು ಬಿಟ್ಟು, ಹೊರಬಾಯಿಯಲ್ಲಿ ವಾಹಕತೆ ಅಳೆದು, ಅನಿಮೇಷನ್ ಹೇಳಿದ್ದು ನಿಜವೇ ಎಂದು ಒಂದು ಬೆಳಿಗ್ಗೆಯಲ್ಲಿ ತಾಳೆ ನೋಡಬಹುದು.

ಪ್ರಶ್ನೆ: ನಮ್ಮೂರಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ ಮೂರೂ ಇವೆ; ಲೈನ್‌ಮನೆಗಳಲ್ಲಿ ತಮಿಳು, ಮಲಯಾಳ. ಯಾವ ಭಾಷೆಯಲ್ಲಿ ಮಾಡಿಸುವುದು?
— ಸ್ವಸಹಾಯ ಸಂಘದ ಸದಸ್ಯೆ, ಮಡಿಕೇರಿ ತಾಲ್ಲೂಕು

ಉತ್ತರ: ಚಿತ್ರದೊಳಗೆ ವಾಕ್ಯಗಳನ್ನು ಕೊರೆಯಿಸಬೇಡಿ, ಅಂಕಿ, ಗಡಿಯಾರ, ಬಾಣ ಮಾತ್ರ ಇರಲಿ. ‘ಎತ್ತರ 5 ಪಟ್ಟು’ ಎಂಬುದನ್ನೂ ‘×5’ ಎಂದು ಬರೆದರಾಯಿತು. ದನಿಯನ್ನು ಬೇರೆ ಟ್ರ್ಯಾಕಿನಲ್ಲಿ ಇಟ್ಟರೆ ಅದೇ ಚಿತ್ರಕ್ಕೆ ಐದು ಭಾಷೆಯಲ್ಲಿ ಓದಿಸಬಹುದು. ಓದುವ ಪಠ್ಯ ಮೊದಲು ಸಿದ್ಧವಾಗಲಿ, ಅತಿ ಉದ್ದ ಬರುವ ಭಾಷೆಗೆ ತಕ್ಕಂತೆ ದೃಶ್ಯಗಳ ಅವಧಿ ಇಡಲಿ. ವಾಟ್ಸ್‌ಆ್ಯಪ್‌ನಲ್ಲಿ ಹಂಚುವಾಗ ವಿಡಿಯೊ ಎಂದು ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಅಂಕಿಗಳು ಓದಲಾಗದಂತೆ ಮಾಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಸಮುದಾಯ ಭವನದಲ್ಲಿ ಹಗಲು ಪ್ರೊಜೆಕ್ಟರ್ ಹಾಕುವುದಾದರೆ ಹಿನ್ನೆಲೆ ತಿಳಿಬಣ್ಣದ್ದಿರಬೇಕೆಂದು ಮೊದಲೇ ಹೇಳಿಬಿಡಿ. ಕಪ್ಪು ಹಿನ್ನೆಲೆಯ ಚಿತ್ರ ಮಾಡುವವರ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ, ಕಿಟಕಿ ತೆರೆದ ಭವನದಲ್ಲಿ ಏನೂ ಕಾಣುವುದಿಲ್ಲ.